‘ಫೈರ್’ ಅಂದರೆ ಕನ್ನಡದಲ್ಲಿ ಏನೇನು? ಅಪಾರ್ಟ್‌ಮೆಂಟ್ ಬೋರ್ಡಿನಿಂದ ಶುರುವಾದ ಪ್ರಶ್ನೆ

ಹೊರಮಾವು ಅನುವಾದಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಬೆಂಕಿ ಸುರಕ್ಷತೆ ಬೋರ್ಡುಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಗಿರುವ ಬೋರ್ಡುಗಳನ್ನು ಯಾರೋ ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಿ, ಹಾಗೇ ಪ್ರಿಂಟ್ ಹಾಕಿಸಿದ್ದಾರೆ. ‘ಫೈರ್ ಎಕ್ಸಿಟ್’ ಇರುವ ಕಡೆ ‘ಬೆಂಕಿ ನಿರ್ಗಮನ’ ಅಂತ ಇದೆ. ಓದಿದರೆ ಬೆಂಕಿ ಹೊರಗೆ ಹೋಗುವ ಬಾಗಿಲು ಅನ್ನಿಸುತ್ತದೆ. ಜನ ಹೋಗುವ ಬಾಗಿಲು ಅಂತ ಅರ್ಥವೇ ಬರುವುದಿಲ್ಲ. ಬೇಸ್‌ಮೆಂಟಿನಲ್ಲಿ ಮರಳು ತುಂಬಿದ ಕೆಂಪು ಬಕೆಟ್‌ಗಳನ್ನು ನೇತುಹಾಕಿದ್ದಾರೆ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಫೈರ್ ಪಾಯಿಂಟ್’, ಕೆಳಗೆ ಕನ್ನಡದಲ್ಲಿ ‘ಗುಂಡಿನ ಬಿಂದು’.

ಇದನ್ನು ಓದಬೇಕಾದವರು ಯಾರು? ನಮ್ಮ ಸೆಕ್ಯೂರಿಟಿಯವರು, ಮನೆಗೆಲಸಕ್ಕೆ ಬರುವ ಅಕ್ಕಂದಿರು, ಡ್ರೈವರುಗಳು, ಮನೆಯ ಹಿರಿಯರು. ಅವರಿಗೆ ಇಂಗ್ಲಿಷ್ ಬೋರ್ಡಿನಿಂದ ಏನೂ ಪ್ರಯೋಜನ ಇಲ್ಲ. ಕನ್ನಡದ್ದು ಸರಿ ಇರಲೇಬೇಕು.

ಬರೆಯಲು ಕೂತಾಗ ಈ ‘ಫೈರ್’ ಎಷ್ಟು ಕಡೆ ಓಡಾಡುತ್ತದೆ ಅಂತ ಕಂಡಿತು. ಒಲೆಯ ಉರಿ ಫೈರ್. ಮನೆಗೆ ಬಿದ್ದ ಬೆಂಕಿ ಫೈರ್. ಗುಂಡು ಹಾರಿಸಿದರೆ ಫೈರ್. ಕೆಲಸದಿಂದ ತೆಗೆದರೆ ಫೈರ್. ಹಾಡು ಚೆನ್ನಾಗಿದ್ದರೂ ಫೈರ್. ಕಂಪ್ಯೂಟರಿಗೆ ಫೈರ್‌ವಾಲ್.

ನನಗೆ ಅನ್ನಿಸಿದ್ದು ಇದು. ಇಂಗ್ಲಿಷಿನಲ್ಲಿ ಒಂದೇ ಪದ ಇಷ್ಟೆಲ್ಲ ಭಾರ ಹೊರುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಹೆಚ್ಚಾಗಿ ಕ್ರಿಯಾಪದ ಮಾಡುತ್ತದೆ. ‘ಬೆಂಕಿ ಬಿತ್ತು’ ಅಂದರೆ ಅನಾಹುತ. ‘ಬೆಂಕಿ ಹಚ್ಚಿದರು’ ಅಂದರೆ ಬೇಕು ಅಂತಲೇ ಹಚ್ಚಿದ್ದು, ಅದು ಒಲೆಗೂ ಇರಬಹುದು, ಕಸಕ್ಕೂ ಇರಬಹುದು. ‘ಬೆಂಕಿ ಇಟ್ಟರು’ ಅಂದ ಕೂಡಲೇ ದ್ವೇಷದ ವಾಸನೆ ಬರುತ್ತದೆ. ‘ಹೊತ್ತಿಕೊಂಡಿತು’ ಅಂದರೆ ಯಾರ ಕೈಯೂ ಅದರಲ್ಲಿಲ್ಲ. ಕ್ರಿಯಾಪದ ಬಿಟ್ಟು ಬರೀ ‘ಬೆಂಕಿ’ ಅಂತ ಬರೆದಾಗಲೇ ಈ ಬೋರ್ಡುಗಳು ಕೆಡುತ್ತಿವೆ ಅಲ್ವಾ? ನೀವೆಲ್ಲ ಏನಂತೀರಿ? ನಿಮ್ಮ ಕಡೆಯ ಮಾತುಗಳನ್ನೂ ಹೇಳಿ.

ಚಾಮರಾಜಪೇಟೆ ಡೆಸ್ಕ್

ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು ನಾನು. ಕ್ರಿಯಾಪದದ ಮಾತು ನೂರಕ್ಕೆ ನೂರು ಸರಿ ಮೇಡಂ. ವರದಿಗಾರ ಫೋನ್ ಮಾಡಿ ‘ಗೋಡೌನಿಗೆ ಬೆಂಕಿ’ ಅಂದರೆ ನಾವು ಕೇಳುವ ಮೊದಲ ಪ್ರಶ್ನೆ ‘ಬಿತ್ತಾ, ಇಟ್ಟರಾ?’ ಅಂತ. ಪೊಲೀಸರು ಖಚಿತ ಮಾಡುವವರೆಗೆ ‘ಇಟ್ಟರು’ ಅಂತ ಬರೆಯುವಂತಿಲ್ಲ. ಬರೆದರೆ ಯಾರ ಮೇಲೋ ಆರೋಪ ಹೊರಿಸಿದ ಹಾಗೆ. ಕಾರಣ ಗೊತ್ತಾಗದಿದ್ದರೆ ‘ಬೆಂಕಿ ಕಾಣಿಸಿಕೊಂಡಿದೆ’ ಅಂತ ಬರೆಯುತ್ತೇವೆ. ಈ ಮಾತಿಗೆ ಓದುಗರು ಎಷ್ಟು ಒಗ್ಗಿಹೋಗಿದ್ದಾರೆ ಅಂದರೆ, ಅದರ ಹಿಂದೆ ಇಂಥ ಒಂದು ಎಚ್ಚರ ಇದೆ ಅಂತ ಯಾರಿಗೂ ಅನ್ನಿಸುವುದೇ ಇಲ್ಲ.

ಶವಸಂಸ್ಕಾರದ ಸುದ್ದಿಯಲ್ಲಿ ‘ಚಿತೆಗೆ ಬೆಂಕಿ ಹಚ್ಚಿದರು’ ಅಂತ ನಾವು ಬರೆಯುವುದಿಲ್ಲ. ‘ಮಗ ಚಿತೆಗೆ ಅಗ್ನಿಸ್ಪರ್ಶ ಮಾಡಿದರು’ ಅಂತಲೇ. ಅಲ್ಲಿ ಬೆಂಕಿ ಅನ್ನುವ ಪದ ಒರಟಾಗಿ ಕೇಳುತ್ತದೆ. ಹಾಗೆಯೇ ಮದುವೆಗೆ ಅಗ್ನಿಸಾಕ್ಷಿ, ಕಷ್ಟಕಾಲಕ್ಕೆ ಅಗ್ನಿಪರೀಕ್ಷೆ. ಅಗ್ನಿ ಬರುವ ಜಾಗಕ್ಕೆ ಬೆಂಕಿ ಬರುವುದಿಲ್ಲ.

ಗುಂಡಿನ ವಿಷಯಕ್ಕೆ ಬಂದರೆ ನಮ್ಮ ಹಳೇ ಪತ್ರಿಕೆಗಳಲ್ಲಿ ‘ಗೋಲಿಬಾರ್’ ಜಾಸ್ತಿ. ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರೆ ಅದು ಗೋಲಿಬಾರ್. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಆಗಿದ್ದನ್ನು ಇವತ್ತಿಗೂ ಜನ ‘ವಿದುರಾಶ್ವತ್ಥದ ಗೋಲಿಬಾರ್’ ಅಂತಲೇ ಕರೆಯುತ್ತಾರೆ. ಈಗಿನವರು ‘ಫೈರಿಂಗ್’ ಅನ್ನುತ್ತಾರೆ. ಆರೋಪಿಯ ಕಾಲಿಗೆ ಹೊಡೆದರೆ ‘ಗುಂಡೇಟು’.

ಇಂಗ್ಲಿಷಿನವರು ಕೋವಿಗೆ ಫೈರ್ ಅನ್ನಲು ಕಾರಣ ಇದೆ. ಹಳೇ ಕಾಲದ ಕೋವಿ, ಫಿರಂಗಿಗಳಿಗೆ ನಿಜವಾಗಿಯೂ ಬೆಂಕಿ ತಾಗಿಸಬೇಕಿತ್ತು. ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸಿದರೆ ಗುಂಡು ಹಾರುತ್ತಿತ್ತು. ಬತ್ತಿ ಹೋಯಿತು, ಪದ ಉಳಿಯಿತು. ಬಿಲ್ಲಿಗೆ ಬೆಂಕಿ ಬೇಕಿಲ್ಲ, ಹಾಗಾಗಿ ಬಾಣಕ್ಕೆ ಫೈರ್ ಅನ್ನುವುದು ಇಂಗ್ಲಿಷಿನಲ್ಲೂ ಸರಿಯಲ್ಲ ಅಂತ ಬಲ್ಲವರು ಹೇಳುತ್ತಾರೆ. ನಾವು ಬಾಣ ‘ಬಿಡುತ್ತೇವೆ’, ಗುಂಡು ‘ಹಾರಿಸುತ್ತೇವೆ’, ಪಟಾಕಿ ‘ಹೊಡೆಯುತ್ತೇವೆ’. ಮೈಸೂರು ದಸರಾದಲ್ಲಿ 21 ಕುಶಾಲತೋಪು ‘ಹಾರಿಸುತ್ತಾರೆ’. ಯಾವುದರಲ್ಲೂ ಬೆಂಕಿಯ ಹೆಸರಿಲ್ಲ.

ಮಾರತ್ತಹಳ್ಳಿ ಟೆಸ್ಟರ್

ಡೆಸ್ಕ್ ಸರ್, ‘ಹ್ಯಾಂಗ್ ಫೈರ್’, ‘ಮಿಸ್‌ಫೈರ್’ ಇವೂ ಕೋವಿಯಿಂದಲೇ ಬಂದದ್ದಾ?

ಚಾಮರಾಜಪೇಟೆ ಡೆಸ್ಕ್

ಹೌದು. ಬೆಂಕಿ ಕೊಟ್ಟರೂ ಗುಂಡು ತಡವಾಗಿ ಹಾರಿದರೆ ಹ್ಯಾಂಗ್ ಫೈರ್. ಹಾರದೇ ಹೋದರೆ ಮಿಸ್‌ಫೈರ್. ನಮ್ಮಲ್ಲಿ ಆ ಜಾಗಕ್ಕೆ ಪಟಾಕಿ ಬರುತ್ತದೆ. ಏನೋ ದೊಡ್ಡದಾಗಿ ಮಾಡಲು ಹೋಗಿ ಆಗದಿದ್ದರೆ ‘ಠುಸ್ ಆಯ್ತು’ ಅನ್ನುತ್ತೇವೆ. ‘ಠುಸ್ ಪಟಾಕಿ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮಾರತ್ತಹಳ್ಳಿ ಟೆಸ್ಟರ್

ಹಾಗಾದರೆ ಆಫೀಸಿನ ಫೈರ್ ಬಗ್ಗೆ ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ಇದು ನಿಜವಾದ ತೊಂದರೆ.

ನಮ್ಮ ಕನ್ನಡದಲ್ಲಿ ‘ಮ್ಯಾನೇಜರ್ ಫೈರ್ ಮಾಡಿದ್ರು’ ಅಂದರೆ ಬೈದರು ಅಂತ. ‘ನಿನ್ನೆ ಸರಿಯಾಗಿ ಫೈರಿಂಗ್ ಆಯ್ತು’ ಅಂತ ದಿನಾ ಹೇಳುತ್ತೇವೆ. ಶಾಲೆಯಲ್ಲಿ ಮೇಷ್ಟ್ರು ಫೈರ್ ಮಾಡುತ್ತಿದ್ದರು, ಮನೆಯಲ್ಲಿ ಅಪ್ಪ ಫೈರ್ ಮಾಡುತ್ತಿದ್ದರು. ಇದೇ ಅಭ್ಯಾಸದಲ್ಲಿ ನಮ್ಮ ಟೀಮಿನ ಹುಡುಗಿಯೊಬ್ಬಳು ಅಮೆರಿಕದ ಕ್ಲೈಂಟ್ ಜೊತೆ ಕಾಲ್‌ನಲ್ಲಿದ್ದಾಗ, ಲೀಡ್ ನಿನ್ನೆ ನನ್ನನ್ನು ಫೈರ್ ಮಾಡಿದರು ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ಆ ಹೆಂಗಸು ತುಂಬ ಮೆಲ್ಲಗೆ, ‘ಅಯ್ಯೋ, ಈಗ ಏನು ಮಾಡುತ್ತೀಯ? ಈ ಕಾಲ್‌ಗೆ ಯಾಕೆ ಬಂದೆ?’ ಅಂತ ಕೇಳಿದರು. ಕೆಲಸ ಹೋಗಿದೆ ಅಂತಲೇ ತಿಳಿದಿದ್ದರು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಈ ವಿಷಯ ಮೊದಲೇ ಹೇಳಿಕೊಡಬೇಕು ಅಂತ ನನಗೆ ತುಂಬ ಅನ್ನಿಸುತ್ತದೆ. ನಮ್ಮ ಬೈಗುಳ ಅವರ ಕಿವಿಗೆ ಕೆಲಸ ಕಳೆದುಕೊಂಡ ಸುದ್ದಿಯಾಗಿ ಕೇಳುತ್ತದೆ.

ಕೆಲಸದಿಂದ ತೆಗೆಯುವುದಕ್ಕೆ ಫೈರ್ ಅನ್ನುವುದು ಅಮೆರಿಕದ ಬಳಕೆ, 19ನೇ ಶತಮಾನದ ಕೊನೆಯ ಭಾಗದ್ದು. ಇಂಗ್ಲಿಷಿನ ‘ಡಿಸ್ಚಾರ್ಜ್’ ಪದಕ್ಕೆ ಗುಂಡು ಹಾರಿಸು, ಕೆಲಸದಿಂದ ಬಿಡಿಸು ಅನ್ನುವ ಎರಡೂ ಅರ್ಥ ಇವೆ. ಅದರ ಮೇಲೆ ಆಡಿದ ಮಾತು ಇದು ಅಂತ ಪದಗಳ ಇತಿಹಾಸ ಬರೆಯುವವರು ಹೇಳುತ್ತಾರೆ. ಬೇಡವಾದವರ ಮನೆ ಸುಡುತ್ತಿದ್ದರು, ಅದಕ್ಕೇ ಫೈರ್ ಅಂತ ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡುತ್ತದಲ್ಲ, ಅದನ್ನು ನಂಬಬೇಡಿ. ಸುಮ್ನೆ ಕಟ್ಟಿದ ಕಥೆ.

ರಾಜಾಜಿನಗರ ವಕೀಲೆ

ಇದಕ್ಕೆ ಒಂದು ಮಾತು ಸೇರಿಸಬೇಕು, ಯಾಕೆಂದರೆ ಇಲ್ಲಿ ಜನರ ಅನ್ನದ ಪ್ರಶ್ನೆ ಇದೆ. ಐಟಿ ಹುಡುಗರು ‘ಫೈರ್’, ‘ಲೇಆಫ್’ ಎರಡನ್ನೂ ಬೆರೆಸಿ ಮಾತಾಡುತ್ತಾರೆ. ಅಮೆರಿಕದ ಮಾತಿನಲ್ಲಿ ಫೈರ್ ಅಂದರೆ ಸಾಮಾನ್ಯವಾಗಿ ನಿಮ್ಮದೇನೋ ತಪ್ಪಿದೆ ಅಂತ ತೆಗೆಯುವುದು. ಲೇಆಫ್ ಅಂದರೆ ಕಂಪನಿಯ ಕಾರಣಕ್ಕೆ ತೆಗೆಯುವುದು. ನಮ್ಮ ದೇಶದ ಕಾರ್ಮಿಕ ಕಾನೂನಿನಲ್ಲಿ ಲೇಆಫ್ ಅಂದರೆ ಬೇರೆಯೇ. ಕಲ್ಲಿದ್ದಲಿಲ್ಲ, ಕರೆಂಟಿಲ್ಲ, ಕಚ್ಚಾ ಮಾಲಿಲ್ಲ ಅಂತ ಕೆಲಸ ಕೊಡಲಾಗದ ತಾತ್ಕಾಲಿಕ ಸ್ಥಿತಿ ಅದು. ಕೆಲಸವೇ ಹೋದರೆ ಅದು ‘ರಿಟ್ರೆಂಚ್‌ಮೆಂಟ್’. ತಪ್ಪಿಗೆ ಶಿಕ್ಷೆಯಾಗಿ ತೆಗೆದರೆ ‘ಡಿಸ್ಮಿಸಲ್’, ಕನ್ನಡದಲ್ಲಿ ‘ವಜಾ’. ಮೂರಕ್ಕೂ ನಿಯಮ ಬೇರೆ, ಸಿಗಬೇಕಾದ ಹಣವೂ ಬೇರೆ. ನಿಮ್ಮ ಕೈಗೆ ಬಂದ ಕಾಗದದಲ್ಲಿ ಯಾವ ಪದ ಇದೆ ಅಂತ ನೋಡಿಕೊಳ್ಳಿ. ‘ಫೈರ್ ಮಾಡಿದ್ರು’ ಅಂತ ಬಂದು ಹೇಳಿದರೆ ನಾವು ಮೊದಲು ಕೇಳುವುದೇ ಆ ಕಾಗದವನ್ನು.

ಮನೆಯಲ್ಲಿ ಹೇಳುವಾಗ ಮಾತ್ರ ಇದ್ಯಾವುದೂ ಬೇಡ. ‘ಕೆಲಸದಿಂದ ತೆಗೆದರು’ ಅಂದರೆ ಸಾಕು.

ನಿವೃತ್ತ ಮೇಷ್ಟ್ರು, ಹನುಮಂತನಗರ

ಚರ್ಚೆ ಚೆನ್ನಾಗಿದೆ. ಪದಗಳ ಬೇರು ಸ್ವಲ್ಪ ನೋಡೋಣ.

ಇಂಗ್ಲಿಷಿನ ಫೈರ್‌ಗೂ ಗ್ರೀಕಿನ ‘ಪೂರ್’ಗೂ ಒಂದೇ ಬೇರು. ಆ ಗ್ರೀಕ್ ಪದದಿಂದಲೇ ‘ಪೈರ್’, ಅಂದರೆ ಚಿತೆ. ಜ್ವರ ಇಳಿಸುವ ಮಾತ್ರೆಗೆ ಡಾಕ್ಟರು ‘ಆಂಟಿಪೈರೆಟಿಕ್’ ಅನ್ನುತ್ತಾರಲ್ಲ, ಅದರೊಳಗೂ ಇದೇ ಬೆಂಕಿ ಇದೆ. ನಮ್ಮ ಸಂಸ್ಕೃತದ ‘ಅಗ್ನಿ’ ಇನ್ನೊಂದು ಬೇರಿನದು. ಅದಕ್ಕೆ ಲ್ಯಾಟಿನ್ನಿನಲ್ಲಿ ನೆಂಟ ‘ಇಗ್ನಿಸ್’. ಅದರಿಂದ ‘ಇಗ್ನಿಷನ್’. ದಿನಾ ಬೆಳಿಗ್ಗೆ ಸ್ಕೂಟರಿನ ಇಗ್ನಿಷನ್ ಕೀ ತಿರುಗಿಸುವಾಗ ನಾವು ಅಗ್ನಿಯ ನೆಂಟನನ್ನೇ ಹೆಸರಿಸುತ್ತೇವೆ.

ಇನ್ನು ‘ಬೆಂಕಿ’ ಅಪ್ಪಟ ನಮ್ಮದು. ‘ಬೇ’ ಅನ್ನುವ ಧಾತುವಿನ ಬಳಗ. ಬೇಯು, ಬೆಂದು, ಬೇಗೆ ಎಲ್ಲ ಅದೇ ಮನೆಯವು. ಬೆಂಗಳೂರಿನವರಿಗೆ ಇದು ಹತ್ತಿರದ ವಿಷಯ. ದೊರೆಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಹಾಗಾಗಿ ‘ಬೆಂದಕಾಳೂರು’ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆ ದೊರೆ 12ನೇ ಶತಮಾನದ ಹೊಯ್ಸಳ ವೀರಬಲ್ಲಾಳ ಅನ್ನುತ್ತಾರೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಶಾಸನ ಸುಮಾರು ಕ್ರಿ.ಶ. 890ರದು. ಅದರಲ್ಲಿ ಆಗಲೇ ‘ಬೆಂಗುಳೂರು’ ಅನ್ನುವ ಹೆಸರು ಇದೆ. ಊರಿನ ಹೆಸರು ಕಥೆಗಿಂತ ಹಳೆಯದು. ಕಥೆ ಸವಿಯಾದದ್ದೇ, ಆದರೆ ಶಾಸನವನ್ನು ಬಿಟ್ಟುಕೊಡಲು ಆಗುವುದಿಲ್ಲ.

ತಿಗಳರಪೇಟೆ

ಮೇಷ್ಟ್ರೇ, ಬೆಂಕಿಯ ಇನ್ನೊಂದು ಹೆಸರು ಬಿಟ್ಟಿರಿ. ವಹ್ನಿ. ಬೆಂಗಳೂರು ಕರಗ ಹೊರುವ ನಮ್ಮ ಜನಾಂಗದ ಹೆಸರೇ ವಹ್ನಿಕುಲ ಕ್ಷತ್ರಿಯ. ನಮ್ಮ ತಾಯಿ ದ್ರೌಪದಿ ಅಗ್ನಿಯಿಂದ ಎದ್ದು ಬಂದವಳು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಟಾಗ, ಸುತ್ತ ಕತ್ತಿ ಹಿಡಿದ ವೀರಕುಮಾರರ ನಡುವೆ ಬರುವವಳು ಅವಳೇ. ಪೇಟೆಯ ಹಿರಿಯರು ಆ ಹೊತ್ತಿನಲ್ಲಿ ‘ಬೆಂಕಿ’ ಅನ್ನುವ ಪದ ಬಳಸುವುದಿಲ್ಲ. ಅಗ್ನಿ ಅನ್ನುತ್ತಾರೆ, ಇಲ್ಲವೇ ತಾಯಿ ಅನ್ನುತ್ತಾರೆ.

ನಿವೃತ್ತ ಮೇಷ್ಟ್ರು, ಹನುಮಂತನಗರ

ನೆನಪಿಸಿದ್ದು ಒಳ್ಳೆಯದಾಯಿತು. ‘ವಹ್’ ಅಂದರೆ ಹೊರು ಅಂತ. ದೇವರಿಗೆ ಹವಿಸ್ಸನ್ನು ಹೊತ್ತುಕೊಂಡು ಹೋಗುವವನು ವಹ್ನಿ. ಕರಗ ಹೊರುವ ಕುಲಕ್ಕೆ ಆ ಹೆಸರು ಎಷ್ಟು ಒಪ್ಪುತ್ತದೆ ನೋಡಿ.

ಹುಬ್ಬಳ್ಳಿಯಿಂದ ಬಂದವ

ನಮ್ಮ ಕಡೆ ‘ಅಗ್ಗಿ’ ಅನ್ನುತ್ತಾರೆ. ವೀರಭದ್ರ ದೇವರ ಜಾತ್ರೆಯಲ್ಲಿ ಅಗ್ಗಿ ಹಾಯುತ್ತಾರೆ. ಇಲ್ಲಿ ನೀವು ‘ಕೊಂಡ ಹಾಯುವುದು’ ಅನ್ನುತ್ತೀರಿ. ಮೊಹರಂನಲ್ಲಿ ಬೆಂಕಿಯ ಕುಣಿ ತೋಡುತ್ತಾರೆ, ಅದಕ್ಕೆ ಅಲಾಯಿ ಕುಣಿ ಅಂತ. ಅದರ ಸುತ್ತ ಎಲ್ಲ ಜಾತಿ, ಧರ್ಮದವರೂ ಹೆಜ್ಜೆ ಹಾಕುತ್ತಾರೆ. ಬೆಂಗಳೂರಿಗೆ ಬಂದ ಮೇಲೆ ಗೆಳೆಯರ ಬಾಯಲ್ಲಿ ‘ಬೆಂಕಿ ಗುರು’ ಕೇಳಿದಾಗ ಅರ್ಥ ಆಗಲು ಸ್ವಲ್ಪ ದಿನ ಹಿಡಿಯಿತು.

ಬಿಎಂಎಸ್ ಹತ್ತಿರದ ಪಿಜಿ

‘ಬೆಂಕಿ’ ಅಂದರೆ ಸೂಪರ್ ಅಂತ ಅಣ್ಣ. ಬ್ಯಾಟಿಂಗ್ ಬೆಂಕಿ, ಟ್ರೇಲರ್ ಬೆಂಕಿ, ಬಿರಿಯಾನಿ ಬೆಂಕಿ. ಇಂಗ್ಲಿಷಿನ ಹುಡುಗರು ‘ದಟ್ಸ್ ಫೈರ್’ ಅನ್ನುತ್ತಾರಲ್ಲ, ಅದೇ. ಆದರೆ ನಾವು ಅದನ್ನು ನಕಲು ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ‘ಬೆಂಕಿಯಂಥ ಹುಡುಗ’, ‘ಬೆಂಕಿ ಉಗುಳುವ ಮಾತು’ ಮೊದಲಿನಿಂದಲೂ ಇತ್ತು. ‘ಅಂಥ’ ಬಿದ್ದುಹೋಗಿ ಬರೀ ಬೆಂಕಿ ಉಳಿದುಕೊಂಡಿತು, ಅಷ್ಟೇ.

ಮಲ್ಲೇಶ್ವರದ ಅಜ್ಜಿ

ಮಗು, ನಿನ್ನ ಮಾತು ಒಪ್ಪುತ್ತೇನೆ. ಆದರೂ ನನ್ನ ಕಿವಿಗೆ ಅದು ಹೊಗಳಿಕೆಯಾಗಿ ಕೇಳುವುದಿಲ್ಲ. ನಮ್ಮ ಕಾಲದಲ್ಲಿ ‘ಅದಕ್ಕೆ ಬೆಂಕಿ ಹಾಕ’, ‘ಅವನ ಮನೆಗೆ ಬೆಂಕಿ ಬೀಳ’ ಇವೆಲ್ಲ ಶಾಪದ ಮಾತುಗಳು. ಮೊಮ್ಮಗಳು ನಾನು ಮಾಡಿದ ಗೊಜ್ಜು ತಿಂದು ‘ಅಜ್ಜಿ, ಬೆಂಕಿ!’ ಅಂದಳು. ಖಾರ ಜಾಸ್ತಿ ಆಗಿದೆ ಅಂತ ತಿಳಿದು ನೀರಿನ ಲೋಟ ಮುಂದಿಟ್ಟೆ. ಅವಳು ಇನ್ನೊಂದು ಸಲ ಬಡಿಸಿಕೊಂಡಳು.

ನಮ್ಮ ಮನೆಯಲ್ಲಿ ದೀಪ ‘ಆರಿಸು’ ಅಂತಲೂ ಅನ್ನುವುದಿಲ್ಲ. ‘ಶಾಂತ ಮಾಡು’ ಅನ್ನುತ್ತೇವೆ. ಬೆಂಕಿಯ ಜೊತೆ ಆಡುವ ಮಾತನ್ನು ನೋಡಿಕೊಂಡು ಆಡಬೇಕು ಅಂತ ನಮ್ಮ ಅತ್ತೆ ಹೇಳಿಕೊಟ್ಟಿದ್ದು. ಅಡುಗೆಗೆ ಬಂದರೆ ಬೆಂಕಿ ಅನ್ನುವ ಮಾತೇ ಇಲ್ಲ, ಉರಿ. ‘ಸಣ್ಣ ಉರಿಯಲ್ಲಿ ಹುರಿ’, ‘ಉರಿ ಜೋರಾಯಿತು, ತಗ್ಗಿಸು’. ಗ್ಯಾಸ್ ಬಂದ ಮೇಲೆ ‘ಸಿಮ್‌ನಲ್ಲಿಡು’ ಬಂತು. ಸೌದೆ ಒಲೆಯಲ್ಲಿ ಸಿಮ್ ಎಲ್ಲಿಂದ ಬರಬೇಕು? ಒಂದು ಕೊಳ್ಳಿ ಹಿಂದಕ್ಕೆ ಎಳೆಯುತ್ತಿದ್ದೆವು. ಕೆಂಡ ಮುಂದಕ್ಕೆ ಎಳೆದು ಅದರ ಮೇಲೆ ಹಾಲು ಇಟ್ಟರೆ ಸಂಜೆವರೆಗೂ ಕೆನೆ ಕಟ್ಟುತ್ತಿತ್ತು.

ಹೊರಮಾವು ಅನುವಾದಕಿ

ಅಜ್ಜಿ, ಉರಿಯನ್ನು ನೆನಪಿಸಿದಿರಿ. ಅದು ಒಲೆಯಲ್ಲೂ ಇದೆ, ಮೈಯಲ್ಲೂ ಇದೆ. ಕಣ್ಣು ಉರಿ, ಎದೆ ಉರಿ, ಉರಿಮೂತ್ರ, ಉರಿಬಿಸಿಲು. ‘ಉರಿದುಬಿದ್ದ’ ಅಂದರೆ ಕೋಪ.

ಇಲ್ಲೇ ಒಂದು ದೊಡ್ಡ ಹಳ್ಳ ಇದೆ, ಅನುವಾದಕರು ಬೀಳುವಂಥದ್ದು. ಇಂಗ್ಲಿಷಿನಲ್ಲಿ ‘ಹೊಟ್ಟೆಯಲ್ಲಿ ಬೆಂಕಿ ಇದೆ’ ಅಂದರೆ ಸಾಧಿಸುವ ಹಂಬಲ ಇದೆ ಅಂತ ಹೊಗಳಿಕೆ. ಅದನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ಹೊಟ್ಟೆಕಿಚ್ಚು! ಒಬ್ಬ ಆಟಗಾರನ ಪರಿಚಯದಲ್ಲಿ ‘ಅವರ ಹೊಟ್ಟೆಯಲ್ಲಿ ಕಿಚ್ಚಿತ್ತು’ ಅಂತ 
ಅಚ್ಚಾಗಿದ್ದು ಓದಿದ್ದೇನೆ. ಪಾಪ, ಹೊಗಳಲು ಹೋಗಿ ಅಸೂಯೆಗಾರ ಅಂತ ಮಾಡಿಬಿಟ್ಟಿದ್ದರು. ಕನ್ನಡದಲ್ಲಿ ಕಿಚ್ಚು ಎದೆಯಲ್ಲಿದ್ದರೆ ಹಂಬಲ, ಹೊಟ್ಟೆಯಲ್ಲಿದ್ದರೆ ಮತ್ಸರ. ‘ಹೊಟ್ಟೆಗೆ ಬೆಂಕಿ ಬಿತ್ತು’ ಅಂದರೆ ಹಸಿವು, ಇಲ್ಲವೇ ಸಂಕಟ.

ಚಾಮರಾಜಪೇಟೆ ಡೆಸ್ಕ್

‘ಅಂಡರ್ ಫೈರ್’ ಅನ್ನುವುದನ್ನು ‘ಬೆಂಕಿಗೆ ಒಳಗಾದ ಸಚಿವರು’ ಅಂತ ಬರೆದುಕೊಂಡು ಬರುತ್ತಾರೆ. ‘ಟೀಕೆಗೆ ಗುರಿಯಾದ’ ಅಂತ ತಿದ್ದಿ ತಿದ್ದಿ ಸಾಕಾಗಿದೆ. ‘ಸೀಸ್‌ಫೈರ್’ಗೆ ಮಾತ್ರ ಕದನ ವಿರಾಮ ಚೆನ್ನಾಗಿ ನಿಂತಿದೆ.

ಮಾರತ್ತಹಳ್ಳಿ ಟೆಸ್ಟರ್

ಫೈರ್‌ವಾಲ್‌ಗೆ ‘ಬೆಂಕಿಗೋಡೆ’ ಅಂತ ಬರೆಯುವವರಿದ್ದಾರೆ. ಅದು ಬೆಂಕಿಯಿಂದ ಮಾಡಿದ ಗೋಡೆ ಅಲ್ಲ, ಬೆಂಕಿಯನ್ನು ತಡೆಯುವ ಗೋಡೆ. ಮೊದಲು ಇದ್ದದ್ದು ಕಟ್ಟಡಗಳಲ್ಲಿ. ಒಂದು ಭಾಗಕ್ಕೆ ಬೆಂಕಿ ಬಿದ್ದರೆ ಇನ್ನೊಂದು ಭಾಗಕ್ಕೆ ದಾಟದಿರಲಿ ಅಂತ ಕಟ್ಟುವ ಗೋಡೆ. ಕಾರಿನಲ್ಲಿ ಇಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ತಗಡಿಗೂ ಅದೇ ಹೆಸರು. 1980ರ ದಶಕದ ಕೊನೆಯಲ್ಲಿ ಆ ಹೆಸರು ಕಂಪ್ಯೂಟರ್ ನೆಟ್‌ವರ್ಕಿಗೆ ಬಂತು, ಹೊರಗಿನಿಂದ ಬೇಡದ್ದು ಒಳಗೆ ಬರದಂತೆ ತಡೆಯುವ ವ್ಯವಸ್ಥೆಗೆ. ನನ್ನ ಮಟ್ಟಿಗೆ ‘ಫೈರ್‌ವಾಲ್’ ಅಂತಲೇ ಕನ್ನಡದಲ್ಲಿ ಬರೆದರೆ ಸಾಕು.

ಬೆಳ್ಳಂದೂರು ನಿವಾಸಿ

ನಮ್ಮ ಕೆರೆಯ ಬಗ್ಗೆ ಯಾರೂ ಹೇಳಲಿಲ್ಲ. 2015ರಲ್ಲಿ ನೊರೆಗೆ ಬೆಂಕಿ ಹತ್ತಿತು, 2017ರ ಫೆಬ್ರುವರಿಯಲ್ಲಿ ಕೆರೆಯಲ್ಲಿ ಮತ್ತೆ ಬೆಂಕಿ, 2018ರ ಜನವರಿಯಲ್ಲಿ ಮತ್ತೆ. ಆ ಸಲ ಆರಿಸಲು ಸೈನಿಕರೂ ಬಂದರು. ‘ಕೆರೆಗೆ ಬೆಂಕಿ ಬಿತ್ತು’ ಅಂತ ಹೇಳುವ ಕಾಲ ಬರುತ್ತದೆ ಅಂತ ನಮ್ಮ ಹಿರಿಯರು ಎಣಿಸಿರಲಿಲ್ಲ. ಮೇಲೆ ಮೇಡಂ ಬರೆದದ್ದು ಓದಿದಾಗ ಅನ್ನಿಸಿತು, ಇಲ್ಲಿ ‘ಬಿತ್ತು’ ಅನ್ನುವ ಕ್ರಿಯಾಪದ ಸರಿಯಲ್ಲ. ವರ್ಷಗಟ್ಟಲೆ ಊರಿನ ಚರಂಡಿ ನೀರು, ಕಾರ್ಖಾನೆ ನೀರು ಬಿಟ್ಟು, ದಡದಲ್ಲಿ ಕಸ ಸುರಿದು, ಕೊನೆಗೆ ‘ಬಿತ್ತು’ ಅಂದರೆ ಯಾರೂ ಹೊಣೆ ಅಲ್ಲ ಅಂದ ಹಾಗಾಗುತ್ತದೆ. ನಾವು ಇಟ್ಟದ್ದು ಅದು.

ಗುಂಡ್ಲುಪೇಟೆ ಮೂಲದವನು

ಕಾಡಿಗೂ ಇದೇ ಮಾತು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿಯಿತು. ಕಾಡ್ಗಿಚ್ಚು ಅಂತ ಬರೆದರು. ಕಾಡ್ಗಿಚ್ಚು ಅಂದರೆ ಬಿದಿರಿಗೆ ಬಿದಿರು ಉಜ್ಜಿ ತಾನಾಗಿ ಹುಟ್ಟುವುದು ಅಂತ ಪಠ್ಯದಲ್ಲಿ ಓದಿದ ನೆನಪು ಎಲ್ಲರಿಗೂ. ನಮ್ಮ ಎಲೆ ಉದುರುವ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಬಹುತೇಕ ಮನುಷ್ಯರ ಕೈಯಿಂದಲೇ. ಅದಕ್ಕೇ ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಹುಲ್ಲು ಸವರಿ, ಬೆಂಕಿ ದಾಟದಂತೆ ‘ಬೆಂಕಿ ರೇಖೆ’ ಅನ್ನುವ ಖಾಲಿ ಪಟ್ಟಿ ಮಾಡುತ್ತಾರೆ. ಉರಿ ಬರುವ ದಿಕ್ಕಿಗೆ ಎದುರಿನಿಂದ ಬೆಂಕಿ ಕೊಟ್ಟು ಅದಕ್ಕೆ ತಿನ್ನಲು ಏನೂ ಉಳಿಯದಂತೆ ಮಾಡುವುದೂ ಉಂಟು. ಇಂಗ್ಲಿಷಿನ ‘ಬ್ಯಾಕ್‌ಫೈರ್’ ಮೊದಲು ಅದೇ ಆಗಿತ್ತು. ಈಗ ಜನರ ಮಾತಿನಲ್ಲಿ ಅದಕ್ಕೆ ಹೆಚ್ಚಾಗಿ ನಮ್ಮ ‘ತಿರುಗುಬಾಣ’ದ ಅರ್ಥವೇ ಇದೆ.

ನಿವೃತ್ತ ಫೈರ್‌ಮನ್

ಎಲ್ಲ ಓದಿದೆ. ಮೇಡಂ ಕೇಳಿದ ಬೋರ್ಡಿನ ಪ್ರಶ್ನೆ ಹಿಂದೆ ಬಿದ್ದಿದೆ. ನಾನು ಅಗ್ನಿಶಾಮಕ ಇಲಾಖೆಯಲ್ಲಿದ್ದವನು. ಅದರ ಬಗ್ಗೆ ಹೇಳುತ್ತೇನೆ.

2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಧುಮುಕಿದವರು ಅದರಲ್ಲಿದ್ದರು. ಜನ ಉರಿಗೆ ಹೆದರುತ್ತಾರೆ. ಆದರೆ ಎತ್ತರದ ಕಟ್ಟಡದಲ್ಲಿ ಉರಿ ಬರುವುದಕ್ಕೆ ಮೊದಲೇ ಹೊಗೆ ಕೊಲ್ಲುತ್ತದೆ. ನಿಮ್ಮ ಬೋರ್ಡಿನಲ್ಲಿ ಬೆಂಕಿ ಅನ್ನುವ ಪದ ಎಷ್ಟು ಸಲ ಇದೆಯೋ ಅಷ್ಟು ಸಲ ‘ಹೊಗೆ’ಯೂ ಇರಲಿ. ಇಂಗ್ಲಿಷಿನ ‘ಇನ್ ಕೇಸ್ ಆಫ್ ಫೈರ್’ನಲ್ಲಿ ಹೊಗೆಯ ಮಾತಿಲ್ಲ. ಕನ್ನಡದಲ್ಲಿ ‘ಬೆಂಕಿ ಅಥವಾ ಹೊಗೆ ಕಂಡರೆ’ ಅಂತ ಬರೆಯಿರಿ. ಕಾಣುವುದಕ್ಕಿಂತ ಮೊದಲು ವಾಸನೆ ಬರುತ್ತದೆ ಅನ್ನುವುದೂ ನಿಜ. ಸುಟ್ಟ ವಾಸನೆ ಬಂದರೂ ಹೇಳಲು ಜನ ನಾಚಿಕೊಳ್ಳಬಾರದು.

‘ಫೈರ್ ಎಕ್ಸಿಟ್’ಗೆ ‘ಹೊರಗೆ ಹೋಗುವ ದಾರಿ’ ಅಂದರೆ ಸಾಕು. ತುರ್ತು ನಿರ್ಗಮನ ತಪ್ಪಲ್ಲ, ಬಸ್ಸಿನಲ್ಲಿ ನೋಡಿ ನೋಡಿ ಜನರಿಗೆ ಗೊತ್ತಾಗಿದೆ. ಆದರೆ ಗಾಬರಿಯಲ್ಲಿ ಓದುವವನಿಗೆ ಮಾತು ಸರಳ ಇದ್ದಷ್ಟೂ ಒಳ್ಳೆಯದು. ಬಾಣದ ಗುರುತು ಹಾಕಿ. ಇದಕ್ಕಿಂತ ಮುಖ್ಯ, ಆ ಬಾಗಿಲ ಹಿಂದೆ ಏನಿದೆ ನೋಡಿ. ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಹಳೇ ಹಾಸಿಗೆ, ಒಣಗಿದ ಹೂಕುಂಡ. ಮೆಟ್ಟಿಲ ಮೇಲೆ ಇವೆಲ್ಲ ಇಟ್ಟುಕೊಂಡು ಬೋರ್ಡು ಎಷ್ಟು ಚೆನ್ನಾಗಿ ಬರೆದರೂ ಉಪಯೋಗವಿಲ್ಲ. ಹೊಗೆಯಲ್ಲಿ ಕಣ್ಣು ಕಾಣದೆ ಇಳಿಯುವವನ ಕಾಲಿಗೆ ಸಿಗುವುದು ಆ ಸೈಕಲ್ಲು.

ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಇಂಗ್ಲಿಷಿನಲ್ಲಿ ‘ಪುಲ್, ಏಮ್, ಸ್ಕ್ವೀಜ್, ಸ್ವೀಪ್’ ಅಂತ ಇರುತ್ತದೆ. ಕನ್ನಡದಲ್ಲಿ ಹೀಗೆ ಬರೆಯಿರಿ: ಪಿನ್ ಕಿತ್ತು ಎಳೆಯಿರಿ, ಪೈಪನ್ನು ಉರಿಯ ಬುಡಕ್ಕೆ ಹಿಡಿಯಿರಿ, ಹಿಡಿ ಅದುಮಿ, ಆ ಕಡೆ ಈ ಕಡೆ ಆಡಿಸಿ. ‘ಬುಡಕ್ಕೆ’ ಅನ್ನುವ ಪದ ಬಿಡಬೇಡಿ. ಎಲ್ಲರೂ ಮೇಲೆ ಏಳುವ ಜ್ವಾಲೆಗೆ ಹೊಡೆಯುತ್ತಾರೆ, ಪುಡಿಯೆಲ್ಲ ಹಾರಿಹೋಗುತ್ತದೆ, ಬೆಂಕಿ ಹಾಗೇ ಇರುತ್ತದೆ. ಗೇಜಿನ ಮುಳ್ಳು ಹಸಿರು ಭಾಗದಲ್ಲಿದೆಯಾ ಅಂತ ಸೆಕ್ಯೂರಿಟಿಯವರು ಆಗಾಗ ನೋಡಲಿ. ಕರೆಂಟಿನ ಬೋರ್ಡಿಗೆ ಇಡುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜ್ ಇರುವುದಿಲ್ಲ, ಅದನ್ನು ತೂಕ ಮಾಡಿ ನೋಡುತ್ತಾರೆ. ಅದರ ಅಗಲ ಬಾಯಿಯ ಕಪ್ಪು ಕೊಳವೆಯನ್ನು ಬರಿಗೈಯಲ್ಲಿ ಹಿಡಿಯಬಾರದು. ಗ್ಯಾಸ್ ಹೊರಗೆ ಬರುವಾಗ ಅದು ಕೈಯ ಚರ್ಮ ಕೆಡಿಸುವಷ್ಟು ತಣ್ಣಗಾಗುತ್ತದೆ.

ಅಡುಗೆಮನೆಯ ಮಾತು ಬೇರೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ನೀರು ಎಣ್ಣೆಯ ಕೆಳಗೆ ಹೋಗಿ ಒಮ್ಮೆಲೇ ಆವಿಯಾಗುತ್ತದೆ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಅಜ್ಜಿಯಂದಿರಿಗೆ ಇದು ಗೊತ್ತು, ಹೊಸದಾಗಿ ಅಡುಗೆ ಕಲಿಯುವ ಹುಡುಗರಿಗೆ ಗೊತ್ತಿಲ್ಲ.

ಏಪ್ರಿಲ್ 14ರಂದು ನಾವು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೇವೆ. 1944ರ ಅದೇ ದಿನ ಬಾಂಬೆ ಬಂದರಿನಲ್ಲಿ ಹಡಗು ಸ್ಫೋಟಿಸಿ, ಬೆಂಕಿ ಆರಿಸಲು ಹೋಗಿದ್ದ 66 ಜನ ಸಿಬ್ಬಂದಿ ತೀರಿಹೋದರು. ನಿಮ್ಮ ಹೊಸ ಬೋರ್ಡುಗಳನ್ನು ಆ ವಾರದಲ್ಲಿ ಹಾಕಿದರೆ ನನಗೆ ಸಂತೋಷ. ಹತ್ತಿರದ ಠಾಣೆಯವರನ್ನು ಕರೆದರೆ ಬಂದು ಮಾಡಿ ತೋರಿಸುತ್ತಾರೆ.

ಹೊರಮಾವು ಅನುವಾದಕಿ

ಸರ್, ತುಂಬ ಧನ್ಯವಾದ. ಎಲ್ಲರ ಮಾತು ಸೇರಿಸಿ ಕರಡು ಮಾಡಿದ್ದೇನೆ. ನೋಡಿ:

‘ಬೆಂಕಿ ಅಥವಾ ಹೊಗೆ ಕಂಡರೆ, ಸುಟ್ಟ ವಾಸನೆ ಬಂದರೆ, ಕೂಡಲೇ ಕೂಗಿ ಹೇಳಿ. ಗಾಜು ಒಡೆದು ಅಲಾರಂ ಒತ್ತಿ. ಲಿಫ್ಟ್ ಹತ್ತಬೇಡಿ, ಮೆಟ್ಟಿಲಿನಿಂದ ಇಳಿಯಿರಿ. ಹೊಗೆ ತುಂಬಿದ್ದರೆ ನೆಲದ ಹತ್ತಿರ ಬಾಗಿ ಹೋಗಿ. ಬಾಗಿಲು ಮುಚ್ಚಿಕೊಂಡು ಬನ್ನಿ, ಬೀಗ ಹಾಕಬೇಡಿ. 101 ಅಥವಾ 112ಕ್ಕೆ ಫೋನ್ ಮಾಡಿ.’

‘ಫೈರ್ ಪಾಯಿಂಟ್’ಗೆ ‘ಬೆಂಕಿ ಆರಿಸುವ ಸಾಮಾನು ಇಲ್ಲಿದೆ’ ಅಂತ ಬರೆದಿದ್ದೇನೆ. ‘ಅಸೆಂಬ್ಲಿ ಪಾಯಿಂಟ್’ಗೆ ‘ಎಲ್ಲರೂ ಬಂದು ಸೇರುವ ಜಾಗ’. ಉದ್ದ ಆಯಿತಾ?

ಮಲ್ಲೇಶ್ವರದ ಅಜ್ಜಿ

ಉದ್ದ ಇದ್ದರೂ ಪರವಾಗಿಲ್ಲ ಮಗಳೇ, ಓದಿದ ತಕ್ಷಣ ತಿಳಿಯುತ್ತದೆ. ಅಕ್ಷರ ದಪ್ಪ ಇರಲಿ. ಕನ್ನಡಕ ಇಲ್ಲದೆ ಕಾಣಬೇಕು.

ನಿವೃತ್ತ ಫೈರ್‌ಮನ್

ಚೆನ್ನಾಗಿದೆ ಮೇಡಂ. ಒಂದೇ ಒಂದು ಸೇರಿಸಿ. ಫೋನ್ ನಂಬರಿನ ಕೆಳಗೆ ನಿಮ್ಮ ಅಪಾರ್ಟ್‌ಮೆಂಟಿನ ಪೂರ್ತಿ ವಿಳಾಸ ಕನ್ನಡದಲ್ಲಿ ಬರೆಸಿ. ಬ್ಲಾಕು, ರಸ್ತೆ, ಹತ್ತಿರದ ದೇವಸ್ಥಾನವೋ ಶಾಲೆಯೋ ಅದರ ಹೆಸರು, ಮುಖ್ಯರಸ್ತೆಯಿಂದ ಎಡಕ್ಕೋ ಬಲಕ್ಕೋ. ಫೋನ್ ಮಾಡುವವರು ‘ಸಾರ್, ಬೆಂಕಿ ಬಿದ್ದಿದೆ, ಬೇಗ ಬನ್ನಿ’ ಅಂತ ಹೇಳಿ ಇಟ್ಟುಬಿಡುತ್ತಾರೆ. ಎಲ್ಲಿ ಅಂತ ಹೇಳುವುದೇ ಇಲ್ಲ. ಗಾಬರಿಯಲ್ಲಿ ಸ್ವಂತ ಮನೆಯ ನಂಬರೂ ನೆನಪಿಗೆ ಬರುವುದಿಲ್ಲ. ಬೋರ್ಡು ನೋಡಿ ಓದಿದರೆ ಗಾಡಿ ನೇರ ಬರುತ್ತದೆ.

ಬೆಳ್ಳಂದೂರು ನಿವಾಸಿ

ಮೇಡಂ, ಬೋರ್ಡಿನ ಫೈಲನ್ನು ಇಲ್ಲಿ ಹಾಕುತ್ತೀರಾ? ನಮ್ಮ ಅಪಾರ್ಟ್‌ಮೆಂಟಿನಲ್ಲೂ ‘ಬೆಂಕಿ ನಿರ್ಗಮನ’ ಅಂತಲೇ ಇದೆ.

ಹೊರಮಾವು ಅನುವಾದಕಿ

ಖಂಡಿತ ಹಾಕುತ್ತೇನೆ. ವಿಳಾಸದ ಜಾಗ ಖಾಲಿ ಬಿಟ್ಟಿರುತ್ತೇನೆ, ನಿಮ್ಮದು ತುಂಬಿಸಿಕೊಳ್ಳಿ. ಸಿಲಿಂಡರಿನ ಬೋರ್ಡಿಗೆ ಚಿತ್ರ ಬರೆದುಕೊಡುವವರು ಯಾರಾದರೂ ಇದ್ದರೆ ಹೇಳಿ. ಪಿನ್ ಎಲ್ಲಿದೆ ಅಂತ ತೋರಿಸುವ ಚಿತ್ರ ಇನ್ನೂ ಸಿಕ್ಕಿಲ್ಲ.